ಮೈಕೇಲ್ ಫ್ಯಾರಡೆ ಮಹಾಶಯನು

1791ನೆಯ ಇಸವಿಯಲ್ಲಿ ಲಂಡನ್ ನಗರದ ಸಮೀಪದಲ್ಲಿ ಬಡ ಕಮ್ಮಾರನ ಮಗನಾಗಿ ಫ್ಯಾರಡೆ ಮಹಾಶಯನು ಜನಿಸಿದನು. ಪುಸ್ತಕಗಳಿಗೆ ರಟ್ಟು ಕಟ್ಟುವ ಕಸಬನ್ನು ಕಲಿಯುತ್ತಲೇ ಅವುಗಳನ್ನು ಓದತೊಡಗಿದನು. ಜೇನ್ ಮಾರ್ಸೆಟ್ ಎಂಬ ಮಹಿಳೆಯು ಬರೆದ ರಸಾಯನಶಾಸ್ತ್ರದ ಗ್ರಂಥವೂ ಅವುಗಳಲ್ಲೊಂದೆಂಬುದನ್ನು ನಾವು ನಮ್ಮ ಬಾಲಿಕೆಯರಿಗೆ ವಿಶೇಷವಾಗಿ ತಿಳಿಸಬಯಸುತ್ತೇವೆ. 1813ರಲ್ಲಿ ಡೇವಿ ಮಹಾಶಯನ ಸಹಾಯಕನಾದನು.

ಕಣ್ಣಿಗೆ ಕಾಣದ ವಿದ್ಯುತ್ತನ್ನು ಅಳೆಯುವುದೆಂತು? 1833ರಲ್ಲಿ ಆತನು ಆಮ್ಲ ಬೆರೆಸಿದ ನೀರಿನಲ್ಲಿ ಪ್ಲಾಟಿನಂ ತಗಡುಗಳ ಮೂಲಕ ವಿದ್ಯುತ್ತನ್ನು ಹರಿಸಿ, ಹೊರಟ ಅನಿಲವನ್ನು ಗೆರೆಹಾಕಿದ ಗಾಜಿನ ಕೊಳವೆಯಲ್ಲಿ ಹಿಡಿದನು. ಆದರೆ ವಿದ್ಯುತ್ತು ನಿಂತ ಮೇಲೆ ಅನಿಲವು ತಾನಾಗಿಯೇ ಕುಗ್ಗತೊಡಗಿತು! ಲೆಕ್ಕ ತಪ್ಪಿಸುವ ಈ ಕಳ್ಳನನ್ನು ಆತನು ಬಿಡದೆ ಹುಡುಕಿದನು. ಪ್ಲಾಟಿನಂ ತಗಡೇ ಜಲಜನಕ ಆಮ್ಲಜನಕಗಳನ್ನು ಪುನಃ ನೀರಾಗಿ ಕೂಡಿಸುತ್ತಿತ್ತು. ಈ ತಾಳ್ಮೆಯನ್ನು ನಾವು ಆತನ ಬುದ್ಧಿಗಿಂತಲೂ ಮಿಗಿಲೆಂದು ಎಣಿಸುತ್ತೇವೆ. ಅನಿಲವು ತಗಡಿಗೆ ತಗಲದಂತೆ ಉಪಕರಣವನ್ನು ತಿದ್ದಲು ನಿಯಮವು ಸ್ಪಷ್ಟವಾಯಿತು: ತಗಡು ಕಿರಿದಾಗಲಿ ಹಿರಿದಾಗಲಿ, ಆಮ್ಲವು ಹೆಚ್ಚಾಗಲಿ ಕಡಿಮೆಯಾಗಲಿ, ಹರಿದ ವಿದ್ಯುತ್ತಿಗೆ ತಕ್ಕಷ್ಟೇ ಅನಿಲವು ಹುಟ್ಟುವುದು.

ಆತನು 1867ರಲ್ಲಿ ಹ್ಯಾಂಪ್ಟನ್ ಕೋರ್ಟಿನಲ್ಲಿ ಮೃತಪಟ್ಟನು. ಇಂದು ನೀರಿನಿಂದ ಜಲಜನಕವನ್ನು ತಯಾರಿಸುವ ಯಂತ್ರಗಳನ್ನು ಪರೀಕ್ಷಿಸುವವರು, 1 ಗ್ರಾಂ ಜಲಜನಕಕ್ಕೆ ಸುಮಾರು 96,000 ಕೂಲಂಬ್ ವಿದ್ಯುತ್ತೆಂಬ ಲೆಕ್ಕದೊಡನೆ ತಮಗೆ ದೊರೆತ ಅನಿಲವನ್ನು ಹೋಲಿಸಿ, ಎಷ್ಟು ನಷ್ಟವಾಯಿತೆಂದು ತಿಳಿಯುತ್ತಾರೆ.