ಅಮರ ಗಾಯಕ ಮುಹಮ್ಮದ್ ರಫಿ

ಹಿಂದಿ ಚಿತ್ರಗೀತೆಗಳ ಮಾತು ಬಂದಾಗ ಮೊದಲು ನೆನಪಾಗುವ ಹೆಸರುಗಳಲ್ಲಿ ಮುಹಮ್ಮದ್ ರಫಿ ಅವರದೂ ಒಂದು. 1924ರ ಡಿಸೆಂಬರ್ 24ರಂದು ಪಂಜಾಬಿನ ಅಮೃತಸರ ಸಮೀಪದ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ ಅವರು ಜನಿಸಿದರು. ಊರ ಬೀದಿಗಳಲ್ಲಿ ಹಾಡುತ್ತಾ ಬರುತ್ತಿದ್ದ ಫಕೀರರೊಬ್ಬರ ಹಾಡುಗಳನ್ನು ಕೇಳಿ ಅನುಕರಿಸುತ್ತಿದ್ದುದೇ ಬಾಲಕ ರಫಿಯ ಮೊದಲ ಸಂಗೀತ ಪಾಠ.

ಮುಂದೆ ಕುಟುಂಬ ಲಾಹೋರಿಗೆ ಬಂದು ನೆಲೆಸಿತು. ಅಲ್ಲಿ ಅವರದು ಕ್ಷೌರದಂಗಡಿ. ಶ್ರೀಮಂತಿಕೆ ಇಲ್ಲದಿದ್ದರೂ ಕಲಿಯುವ ಹಂಬಲಕ್ಕೆ ಕೊರತೆಯಿರಲಿಲ್ಲ. ಉಸ್ತಾದ್ ಅಬ್ದುಲ್ ವಾಹಿದ್ ಖಾನ್, ಪಂಡಿತ್ ಜೀವನ್‌ಲಾಲ್ ಮಟ್ಟೂ ಮತ್ತು ಫಿರೋಜ್ ನಿಜಾಮಿ ಅವರಲ್ಲಿ ರಫಿ ಶಾಸ್ತ್ರೀಯ ಸಂಗೀತ ಕಲಿತರು. ಸಂಗೀತ ನಿರ್ದೇಶಕ ಶ್ಯಾಮ್ ಸುಂದರ್ ಅವರು ‘ಗುಲ್ ಬಲೋಚ್’ ಎಂಬ ಪಂಜಾಬಿ ಚಿತ್ರದಲ್ಲಿ ಹಾಡಿಸಿದರು. ಅಣ್ಣನ ಗೆಳೆಯ ಹಮೀದ್ ಅವರ ಒತ್ತಾಸೆಯಿಂದ 1944ರಲ್ಲಿ ಮುಂಬಯಿ ಸೇರಿದರು.

1952ರ ‘ಬೈಜು ಬಾವ್ರಾ’ ಅವರ ಬದುಕಿನ ತಿರುವು. ಶಕೀಲ್ ಬದಾಯೂನಿ ಬರೆದು, ನೌಶಾದ್ ರಾಗ ಹಾಕಿ, ರಫಿ ಹಾಡಿದ ಆ ಚಿತ್ರದ ಭಜನೆ ಇಂದಿಗೂ ಭಕ್ತರ ನಾಲಿಗೆಯ ಮೇಲಿದೆ. ಮೂವರು ಮುಸ್ಲಿಮರು ಕೂಡಿ ಕೊಟ್ಟ ಈ ಕೊಡುಗೆ ನಮ್ಮ ನಾಡಿನ ಕೂಡುಬಾಳಿನ ಸಾಕ್ಷಿ.

ದಿಲೀಪ್ ಕುಮಾರ್ ಅವರ ಗಾಂಭೀರ್ಯ, ಶಮ್ಮಿ ಕಪೂರ್ ಅವರ ತುಂಟತನ, ಜಾನಿ ವಾಕರ್ ಅವರ ಹಾಸ್ಯ ಎಲ್ಲಕ್ಕೂ ರಫಿಯವರ ಕಂಠ ಒಗ್ಗುತ್ತಿತ್ತು. ‘ಚೌದ್ವೀ ಕಾ ಚಾಂದ್’ ಚಿತ್ರದಿಂದ ಆರಂಭಿಸಿ ಆರು ಬಾರಿ ಫಿಲಂಫೇರ್ ಪ್ರಶಸ್ತಿ ಪಡೆದರು. 1967ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕಾಗಿ ಅವರು ಹಾಡಿದ ಗೀತೆಯನ್ನು ಕನ್ನಡಿಗರು ಮರೆತಿಲ್ಲ.

ಗಾಯಕರಿಗೆ ರಾಯಧನ ಬೇಕೆಂದು ಲತಾ ಮಂಗೇಶ್ಕರ್ ಕೇಳಿದಾಗ, ಹಾಡಿದ್ದಕ್ಕೆ ಸಂಭಾವನೆ ಪಡೆದ ಮೇಲೆ ಬೇರೆ ಹಕ್ಕಿಲ್ಲವೆಂಬುದು ರಫಿಯವರ ನಿಲುವಾಗಿತ್ತು. ಇದರಿಂದ ಕೆಲವು ವರ್ಷ ಇಬ್ಬರೂ ಜೊತೆಯಾಗಿ ಹಾಡಲಿಲ್ಲ. 2012ರ ಕಾನೂನು ತಿದ್ದುಪಡಿ ಗಾಯಕರ ರಾಯಧನದ ಹಕ್ಕನ್ನು ಮಾನ್ಯ ಮಾಡಿತು. ಆದರೂ ರಫಿಯವರ ನಿಲುವಿನ ಹಿಂದೆ ದುರಾಸೆಯಿರಲಿಲ್ಲ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

1969ರಲ್ಲಿ ‘ಆರಾಧನಾ’ ತೆರೆಕಂಡ ಬಳಿಕ ಕಿಶೋರ್ ಕುಮಾರ್ ಅವರ ಅಲೆ ಎದ್ದಿತು. ರಫಿಯವರಿಗೆ ಅವಕಾಶಗಳು ಕಡಿಮೆಯಾದವು. ಅವರು ಯಾರನ್ನೂ ದೂರಲಿಲ್ಲ, ಹಾಡುವುದನ್ನು ನಿಲ್ಲಿಸಲೂ ಇಲ್ಲ. 1977ರ ‘ಹಮ್ ಕಿಸೀಸೆ ಕಮ್ ನಹೀ’ ಚಿತ್ರದ ಗೀತೆಗೆ ರಾಷ್ಟ್ರಪ್ರಶಸ್ತಿ ಮತ್ತು ಫಿಲಂಫೇರ್ ಎರಡೂ ಒಲಿದು ಬಂದವು.

1980ರ ಜುಲೈ 31ರಂದು, ಪವಿತ್ರ ರಮಝಾನ್ ತಿಂಗಳಲ್ಲಿ, ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ಕೇವಲ 55 ವರ್ಷ. ಸುರಿಯುವ ಮಳೆಯಲ್ಲೇ ಸಾವಿರಾರು ಜನ ಜನಾಝಾದಲ್ಲಿ ಪಾಲ್ಗೊಂಡರು. ಜುಹು ಖಬರಸ್ಥಾನದಲ್ಲಿ ಅವರನ್ನು ದಫನ ಮಾಡಲಾಯಿತು.

ಪ್ರತಿಭೆ ದೇವರ ವರವಾಗಿರಬಹುದು. ಅದನ್ನು ಬೆಳೆಸಿಕೊಳ್ಳಲು ಗುರುಗಳ ಮುಂದೆ ಕೂರಬೇಕು, ಸೋಲಿನ ದಿನಗಳಲ್ಲೂ ದುಡಿಯಬೇಕು, ಗೆದ್ದಾಗ ವಿನಯ ಬಿಡಬಾರದು. ಕ್ಷೌರದಂಗಡಿಯಿಂದ ಹೊರಟು ಕೋಟ್ಯಂತರ ಹೃದಯಗಳನ್ನು ತಲುಪಿದ ರಫಿ ಸಾಹೇಬರ ಬದುಕು ನಮ್ಮ ವಿದ್ಯಾರ್ಥಿಗಳಿಗೆ ಹೇಳುವುದು ಇದನ್ನೇ.