ಲೆಕ್ಕಕ್ಕೆ ಬಾರದ ದುಡಿಮೆ: ಕಮಲಾದೇವಿ ಚಟ್ಟೋಪಾಧ್ಯಾಯ
ಕಮಲಾದೇವಿ ಚಟ್ಟೋಪಾಧ್ಯಾಯರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ಅವರು ಏಳು ವರ್ಷದವರಿದ್ದಾಗ ತಂದೆ ಅನಂತಯ್ಯ ಧಾರೇಶ್ವರರು ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯು ಮೊದಲ ಹೆಂಡತಿಯ ಮಗನಿಗೆ ಸಂದಿತು. ಸಂಸಾರವನ್ನು ಸಾಕಿ ಸಲಹಿದ್ದ ತಾಯಿ ಗಿರಿಜಾಬಾಯಿಯವರ ಪಾಲಿಗೆ ಉಳಿದದ್ದು ಜೀವನಾಂಶ ಮಾತ್ರ. ಅದನ್ನು ನಿರಾಕರಿಸಿ ಅವರು ತವರಿನ ಬಳುವಳಿಯಿಂದ ಬದುಕಿದರು. ಅದೇ ಕರಾವಳಿಯ ಅಳಿಯಸಂತಾನ ಕುಟುಂಬಗಳಲ್ಲಿ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಹರಿಯುತ್ತಿದ್ದುದನ್ನು ನೆನೆದರೆ, ಈ ನಿಯಮ ಸಹಜವಾದುದಲ್ಲ, ಮನುಷ್ಯನಿರ್ಮಿತವೆಂಬುದು ಸ್ಪಷ್ಟವಾಗುತ್ತದೆ.

ಮತಾಧಿಕಾರದ ನಿಯಮವೂ ಇದೇ ಬಗೆಯದು. 1921ರಲ್ಲಿ ಮದರಾಸು ಪ್ರಾಂತವು ಸ್ತ್ರೀಯರಿಗೂ ಪುರುಷರಷ್ಟೇ ಅರ್ಹತೆಯ ಮೇಲೆ ಮತಾಧಿಕಾರವಿತ್ತಿತು. ಆದರೆ ಅರ್ಹತೆಯ ಅಳತೆಗೋಲು ಆಸ್ತಿ ಮತ್ತು ತೆರಿಗೆ. ಆಸ್ತಿಯಿಲ್ಲದ ಗೃಹಿಣಿ ತಾನಾಗಿಯೇ ಹೊರಗುಳಿದಳು. ಇಂಥ ಮತದಾರರ ಮುಂದೆ 1926ರಲ್ಲಿ ಕಮಲಾದೇವಿಯವರು ಪ್ರಾಂತೀಯ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತರು. 1927ರಲ್ಲಿ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಯಲ್ಲಿ ದುಡಿದ ಅವರು, ಗೃಹಿಣಿಯೂ ಶ್ರಮಜೀವಿಯೇ ಎಂದು ಪ್ರತಿಪಾದಿಸಿದರು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವಿಧವೆಗೆ ಮಗನೊಡನೆ ಪಾಲು ನೀಡಿತು. ಕಮಲಾದೇವಿಯವರು 1988ರಲ್ಲಿ ನಿಧನರಾದರು. 2011ರ ಜನಗಣತಿಯಲ್ಲಿಯೂ ಗೃಹಕೃತ್ಯದಲ್ಲಷ್ಟೇ ತೊಡಗಿದವರು ದುಡಿಯದವರೆಂದೇ ದಾಖಲಾದರು.