ಲೆಕ್ಕಕ್ಕೆ ಬಾರದವರನ್ನು ಲೆಕ್ಕಿಸಿದ ಡಾ. ಸಿ. ಚಂದ್ರಶೇಖರನ್

ಚಂದ್ರಶೇಖರ ಎಂದೊಡನೆ ನಕ್ಷತ್ರಗಳನ್ನು ಕುರಿತು ಸಂಶೋಧಿಸಿ ನೊಬೆಲ್ ಬಹುಮಾನ ಪಡೆದ ವಿಜ್ಞಾನಿಗಳ ನೆನಪು ಬರುವುದು ಸಹಜ. ನಾನು ಇಲ್ಲಿ ಪರಿಚಯಿಸಬೇಕೆಂದಿರುವವರು ಬೇರೊಬ್ಬರು. ಅವರು ಎಣಿಸಿದ್ದು ನಕ್ಷತ್ರಗಳನ್ನಲ್ಲ. ನಮ್ಮಂಥವರ ಮನೆಗಳ ಹುಟ್ಟು ಸಾವುಗಳನ್ನು.

ದೇವರ ಹಿಪ್ಪರಗಿ ಸೀಮೆಯ ನಮ್ಮ ಆಯಿ ಎಂಟು ಮಕ್ಕಳನ್ನು ಹೆತ್ತವಳು. ಉಳಿದವರು ಐವರು. ತೀರಿಹೋದ ಮೂವರ ಹುಟ್ಟಾಗಲಿ ಸಾವಾಗಲಿ ಯಾವ ದಫ್ತರದಲ್ಲಿಯೂ ಇಲ್ಲ. ಉಳಿದವರಲ್ಲಿ ಶಾಲೆಯ ಮುಖ ಕಂಡವರಿಗೆಲ್ಲ ಮಾಸ್ತರರು ಬರೆದ ಜನ್ಮದಿನ ಜೂನ್ ೧. ಇದು ನಮ್ಮೊಂದು ಮನೆಯ ಕಥೆಯಲ್ಲವೆಂಬುದನ್ನು ವಾಚಕರು ಬಲ್ಲರು. ಬರೆಯದೆ ಬಿಟ್ಟವರನ್ನು ಎಣಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರೇ ಡಾ. ಚಿದಂಬರ ಚಂದ್ರಶೇಖರನ್.

೧೯೧೧ರಲ್ಲಿ ಜನಿಸಿದ ಇವರು ಲಂಡನ್ನಿಗೆ ಹೋಗಿ ಸಂಖ್ಯಾಶಾಸ್ತ್ರವನ್ನು ಅಭ್ಯಸಿಸಿದರು. ೧೯೩೬ರಲ್ಲಿ ಪ್ರಸಿದ್ಧ ವಿದ್ವಾಂಸ ಈಗನ್ ಪಿಯರ್ಸನ್ನರೊಡನೆ ಬರೆದ ಲೇಖನವು ‘ಬಯೋಮೆಟ್ರಿಕ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ವದೇಶಕ್ಕೆ ಮರಳಿದ ಮೇಲೆ ಕಲಕತ್ತೆಯ ಅಖಿಲ ಭಾರತ ಆರೋಗ್ಯ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ೧೯೪೩ರ ಬಂಗಾಳದ ಕ್ಷಾಮದಲ್ಲಿ ಸತ್ತವರೆಷ್ಟು ಎಂಬುದಕ್ಕೆ ಇಂದಿಗೂ ಒಮ್ಮತದ ಉತ್ತರವಿಲ್ಲ. ಸರಿಯಾದ ದಾಖಲೆಯಿಲ್ಲದ ನಾಡಿನಲ್ಲಿ ಸಾವಿಗೂ ಸಾಕ್ಷಿಯಿರುವುದಿಲ್ಲ.

ಕಲಕತ್ತೆಯ ಸಮೀಪದ ಸಿಂಗೂರಿನಲ್ಲಿ ಆ ಸಂಸ್ಥೆಗೆ ಒಂದು ಆರೋಗ್ಯಕೇಂದ್ರವಿತ್ತು. ೧೯೪೭ರ ಫೆಬ್ರವರಿಯಲ್ಲಿ ಅಲ್ಲಿಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹಿಂದಿನ ಎರಡು ವರ್ಷಗಳ ಜನನ ಮರಣಗಳನ್ನು ವಿಚಾರಿಸಿ, ಆ ಪಟ್ಟಿಯನ್ನು ಸರಕಾರಿ ದಾಖಲೆಯೊಡನೆ ಹೋಲಿಸಲಾಯಿತು. ಇದರ ಆಧಾರದ ಮೇಲೆ ೧೯೪೯ರಲ್ಲಿ ಅಮೆರಿಕದ ಡೆಮಿಂಗರೊಡನೆ ಪ್ರಕಟಿಸಿದ ಸೂತ್ರವೇ ಚಂದ್ರಶೇಖರನ್–ಡೆಮಿಂಗ್ ಸೂತ್ರ.

ಅದು ಕಠಿಣವೇನಲ್ಲ. ಒಂದು ಊರಿನಲ್ಲಿ ಎರಡೂ ಪಟ್ಟಿಗಳಲ್ಲಿರುವ ಜನನಗಳು ೬೦, ದಾಖಲೆಯಲ್ಲಿ ಮಾತ್ರ ಇರುವವು ೨೦, ಮನೆಮನೆ ವಿಚಾರಣೆಯಲ್ಲಿ ಮಾತ್ರ ಸಿಕ್ಕವು ೩೦ ಎನ್ನೋಣ. ವಿಚಾರಣೆಯಲ್ಲಿ ಸಿಕ್ಕ ೯೦ರಲ್ಲಿ ೬೦ ಮಾತ್ರ ದಾಖಲೆಯಲ್ಲಿವೆ. ಎಂದರೆ ದಾಖಲೆ ಹಿಡಿಯುವುದು ಮೂರರಲ್ಲಿ ಎರಡು ಪಾಲು. ಅದರಲ್ಲಿ ೮೦ ಇರುವುದರಿಂದ ನಿಜವಾದ ಸಂಖ್ಯೆ ೧೨೦. ಎರಡೂ ಪಟ್ಟಿಗಳಿಂದ ತಪ್ಪಿಸಿಕೊಂಡವು ೧೦! ಒಂದು ನಿಬಂಧನೆಯುಂಟು: ಒಂದು ಪಟ್ಟಿ ಇನ್ನೊಂದರ ನಕಲಾಗಿರಬಾರದು. ತವರುಮನೆಯಲ್ಲಿ ಹುಟ್ಟಿ ವಾರದೊಳಗೇ ತೀರಿಹೋದ ಕೂಸು ಎರಡರಲ್ಲಿಯೂ ಬಿಟ್ಟುಹೋಗುವ ಸಂಭವ ಹೆಚ್ಚು. ಆಗ ಲೆಕ್ಕವೂ ಕಡಿಮೆಯೇ ಆಗುತ್ತದೆ.

ಕನ್ನಡ ನಾಡಿಗೂ ಅವರಿಗೂ ನಂಟುಂಟು. ೧೯೩೦ರಷ್ಟು ಹಿಂದೆಯೇ ಸಂತಾನ ನಿಯಂತ್ರಣದ ಸರಕಾರಿ ಚಿಕಿತ್ಸಾಲಯಗಳನ್ನು ತೆರೆದ ಮೈಸೂರಿನಲ್ಲಿ, ೧೯೫೧–೫೨ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರಕಾರವೂ ಕೂಡಿ ಜನಸಂಖ್ಯೆಯ ಸಮೀಕ್ಷೆ ನಡೆಸಿದಾಗ ಅದರ ಹೊಣೆ ಹೊತ್ತವರು ಇವರೇ. ವರದಿ ೧೯೬೧ರಲ್ಲಿ ಹೊರಬಂದಿತು. ಆಗ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಆ ಎಣಿಕೆಗೆ ಬರಲಿಲ್ಲ. ಮುಂದೆ ಅವರು ಮುಂಬಯಿಯ ಜನಸಂಖ್ಯಾ ತರಬೇತಿ ಕೇಂದ್ರದ ನಿರ್ದೇಶಕರಾದರು. ಜನಸಂಖ್ಯಾಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘದ ಅಧ್ಯಕ್ಷಪದವಿಯೂ ಅವರಿಗೆ ಲಭಿಸಿತು. ೨೦೦೦ದಲ್ಲಿ ನಿಧನರಾದರು.

ಇಂದು ಆಯ್ದ ಹಳ್ಳಿಗಳಲ್ಲಿ ಒಬ್ಬರು ವರ್ಷವಿಡೀ ಹುಟ್ಟು ಸಾವುಗಳನ್ನು ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಇನ್ನೊಬ್ಬರು ಬಂದು ಬೇರೆಯಾಗಿಯೇ ವಿಚಾರಿಸುತ್ತಾರೆ. ಹೊಂದದಿದ್ದುದನ್ನು ಮತ್ತೆ ಮನೆಗೆ ಹೋಗಿ ನೋಡಲಾಗುತ್ತದೆ. ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ನಾವು ಬರೆಯುವ ಶಿಶುಮರಣದ ಪ್ರಮಾಣ ಹೀಗೆ ಬಂದದ್ದು. ಎರಡು ಸಲ ಕೇಳುವ ಆ ಪದ್ಧತಿಯ ಹಿಂದಿರುವುದು ಸಿಂಗೂರಿನ ಪಾಠವೇ.

೧೯೬೯ರ ಕಾಯಿದೆಯ ಮೇರೆಗೆ ಜನನವನ್ನು ೨೧ ದಿನಗಳೊಳಗೆ ತಿಳಿಸಬೇಕು. ದುಡಿಯಲು ಗೋವೆಗೋ ಮಹಾರಾಷ್ಟ್ರಕ್ಕೋ ಗುಳೆ ಹೋದವರಿಗೆ ಇದು ಸುಲಭವೆ? ಓದು ಬಲ್ಲ ನಾವು ಅಂಥ ಒಂದೊಂದು ಮನೆಗಾದರೂ ನೆರವಾಗಬೇಡವೆ? ಆಯಿಯ ಆ ಮೂವರು ಇನ್ನು ಯಾವ ಪಟ್ಟಿಗೂ ಬರಲಾರರು. ಇನ್ನು ಮುಂದೆ ಹುಟ್ಟುವವರಾದರೂ ಬರಲಿ.